ಹನ್ನೊಂದು ನಿಮಿಷ ಕೂತವರು

ದೀಪ ಇರಲಿ ಬಿಡಿ, ಆರಿಸಬೇಡಿ. ಸ್ವಲ್ಪ ಹತ್ತಿರ ಬನ್ನಿ, ಇದನ್ನ ಜೋರಾಗಿ ಹೇಳೋಕೆ ನನಗಿಷ್ಟ ಇಲ್ಲ. ಯಾರೋ ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದ ಮಾತಲ್ಲ ಇದು. ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಕೊನೇ ರಾತ್ರಿ ನಾನೂ ಅಲ್ಲಿದ್ದೆ.

ರಾತ್ರಿ ಹನ್ನೊಂದು ದಾಟಿತ್ತು. ಅಕ್ಕ ಒಬ್ಬಳೇ ನಡೆದು ಬರ್ತಿದ್ದಳು. ಕಲ್ಲಿದ್ದಲು ಗಣಿಯ ಗೇಟಿನಿಂದ ಅವಳ ಬಾಡಿಗೆ ಕೋಣೆಗೆ ಹತ್ತು ನಿಮಿಷದ ದಾರಿ. ಅರ್ಧ ದಾರಿಯಲ್ಲಿ ಒಂದು ಹಳೇ ಬಾವಿ. ನೀರಿನ ಬಾವಿ ಅಲ್ಲ... ಹಿಂದೆ ಗಣಿಗೆ ಇಳಿಯೋಕೆ ಅಂತ ತೋಡಿದ್ದು. ನಲವತ್ತು ವರ್ಷದ ಕೆಳಗೇ ಮುಚ್ಚಿದ್ದಾರೆ. ಬಾಯಿಗೆ ಕಬ್ಬಿಣದ ಜಾಲರಿ, ಸುತ್ತ ಮೊಣಕಾಲೆತ್ತರದ ಕಟ್ಟೆ. ದಿನಾ ಅದರ ಪಕ್ಕದಲ್ಲೇ ಬರ್ತಿದ್ದಳು. ಯಾವತ್ತೂ ಏನೂ ಅನ್ನಿಸಿರಲಿಲ್ಲ.

ಅವತ್ತು ಒಳಗಿಂದ ಸದ್ದು ಬಂತು.

ಠಣ್.

ನಿಂತಳು. ಏನೂ ಇಲ್ಲ. ಎರಡು ಹೆಜ್ಜೆ ಇಟ್ಟಳು.

ಠಣ್... ಠಣ್.

ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಲ್ಲ ಅದು. ಕಬ್ಬಿಣದ ಸರಳಿನಿಂದ ಗಟ್ಟಿ ಬಂಡೆಗೆ ಮೆತ್ತಗೆ ತಟ್ಟಿದ ಸದ್ದು. ಆ ವ್ಯತ್ಯಾಸ ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಅಂತ ಮೊದಲು ಹೇಳಿಬಿಡ್ತೀನಿ.

ಅಕ್ಕ ಅಲ್ಲಿಗೆ ಹೋಗಿದ್ದು ಸಂಶೋಧನೆಗೆ. ಗಣಿಯಲ್ಲಿ ಒಂದು ಪಾಳಿ ಅಂದರೆ ಎಂಟು ಗಂಟೆ. ಅದರಲ್ಲಿ ಕಲ್ಲಿದ್ದಲು ಕಡಿಯೋಕೆ ಸಿಗೋದೆಷ್ಟು, ಪೋಲಾಗೋದೆಷ್ಟು, ಎಲ್ಲಿ ಪೋಲಾಗುತ್ತೆ... ಇದನ್ನ ಅಳೆದು, ಕೆಲಸ ಹೇಗೆ ಸುಧಾರಿಸಬಹುದು ಅಂತ ಬರೀಬೇಕು. ಅದೇ ಅವಳ ಪಿಎಚ್‌ಡಿ. ಕುತ್ತಿಗೆಗೆ ಸ್ಟಾಪ್‌ವಾಚು, ಕೈಯಲ್ಲಿ ರಟ್ಟಿನ ನೋಟ್‌ಬುಕ್ಕು. ತಲೆದೀಪ ಕೊಡೋ ಕಿಟಕಿ ಮುಂದೆ ಎಷ್ಟು ಹೊತ್ತು ನಿಂತರು, ಲಿಫ್ಟಿಗೆ ಎಷ್ಟು ಹೊತ್ತು ಕಾದರು, ಕೆಳಗೆ ಎಷ್ಟು ಹೊತ್ತು ನಡೆದರು, ಎಲ್ಲ ಬರ್ಕೊಳ್ಳೋಳು. ಗಣಿಯವರು ಅವಳಿಗೆ ‘ಗಡಿಯಾರದಮ್ಮ’ ಅಂತ ಹೆಸರಿಟ್ಟಿದ್ದರು. "ಮೂಗು ಸೀನೋ ಹಾಗಿಲ್ಲ ಕಣ್ರೋ, ಗಡಿಯಾರದಮ್ಮ ಬರ್ಕೊಂಡ್ಬಿಡ್ತಾಳೆ" ಅಂತ ನಗೋರು. ಅವಳು ಹತ್ತಿರ ಬಂದರೆ ನಗು ನಿಂತುಹೋಗೋದು.

ಅವಳಿಗೆ ಕಷ್ಟ ಆಗಿದ್ದು ಅದೇ. ಐದು ತಿಂಗಳು. ಸಾಲುಮನೆಗಳ ಕೊನೇ ಕೋಣೆ. ಒಂದು ಮಂಚ, ಒಂದು ಮೇಜು, ಒಳಗೇ ಮೂಲೆಯಲ್ಲಿ ಒಂದು ಬಚ್ಚಲು. ಒಬ್ಬಳಿಗೇ ಅಡಿಗೆ, ಒಂದೇ ತಟ್ಟೆ ತೊಳೆಯೋದು. ಭಾನುವಾರ ದೊಡ್ಡಮ್ಮ ಫೋನ್ ಮಾಡಿದಾಗ ಮೊದಲ "ಹಲೋ" ಗಂಟಲಲ್ಲೇ ಸಿಕ್ಕಿಕೊಳ್ಳೋದಂತೆ. ಶನಿವಾರದಿಂದ ಬಾಯೇ ಬಿಟ್ಟಿರ್ತಿರಲಿಲ್ಲವಲ್ಲ!

ಎಲ್ಲ ಪಾಳಿಯ ಸಮಯವೂ ತಾಳೆ ಬಿತ್ತು, ರಾತ್ರಿ ಪಾಳಿಯದ್ದು ಮಾತ್ರ ಬೀಳಲಿಲ್ಲ. ದಿನಾ ಒಂದಿಷ್ಟು ನಿಮಿಷ ಎಲ್ಲೋ ಮಾಯ. ಸರಿ, ನೋಡೇಬಿಡೋಣ ಅಂತ ಅವರ ಜೊತೆ ಇಳಿದಳು. ಇಪ್ಪತ್ತೆರಡು ಜನ, ಮುಂದೆ ಮೇಸ್ತ್ರಿ. ಅರ್ಧ ಗಂಟೆ ನಡೆದ ಮೇಲೆ ಸುರಂಗ ಕವಲೊಡೆಯುತ್ತೆ. ಅಲ್ಲಿ ಗೋಡೆಗೆ ಒಂದು ಫೋನು. ಅಲ್ಲಿಗೆ ಬಂದದ್ದೇ ಮೇಸ್ತ್ರಿ ಕೈ ಎತ್ತಿದ. ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು, ಭುಜಕ್ಕೆ ಭುಜ ತಾಗಿಸಿ ಕೂತರು. ಒಬ್ಬೊಬ್ಬರೇ ತಲೆದೀಪ ಆರಿಸಿದರು.

ಗಣಿಯ ಕತ್ತಲೆ ಅಂದರೆ ಏನು ಅಂದುಕೊಂಡಿದ್ದೀರಿ? ಕಣ್ಣು ಮುಚ್ಚಿದರೂ ಒಂದೇ, ತೆರೆದರೂ ಒಂದೇ. ಎಲ್ಲೋ ನೀರು ತೊಟ್ಟಿಕ್ಕೋ ಸದ್ದು. ಇಪ್ಪತ್ತೆರಡು ಜನರ ಉಸಿರು. ಮಾತಿಲ್ಲ. ಆಮೇಲೆ ಮೇಸ್ತ್ರಿ, "ಹೂಂ, ನಡೀರಿ" ಅಂದ. ಅಕ್ಕ ಸ್ಟಾಪ್‌ವಾಚ್ ನೋಡಿದಳು. ಹನ್ನೊಂದು ನಿಮಿಷ.

ಮಾರನೇ ರಾತ್ರಿಯೂ ಹನ್ನೊಂದು. ಅದರ ಮಾರನೇ ರಾತ್ರಿಯೂ ಅಷ್ಟೇ. ಏಳು ರಾತ್ರಿ ಅಳೆದಳು.

ಯಾಕೆ ಕೂರ್ತೀರಿ ಅಂತ ಸುರಂಗದಲ್ಲೇ ಮೇಸ್ತ್ರಿಯನ್ನ ಕೇಳಿದಳು. ಅವನು ಉತ್ತರ ಹೇಳೋ ಬದಲು ಆಳೆತ್ತರದ ಒಂದು ಕಬ್ಬಿಣದ ಸರಳು ಅವಳ ಕೈಗೆ ಕೊಟ್ಟ.

"ತಲೆ ಮೇಲಿನ ಸೂರಿಗೆ ತಟ್ಟಿ ನೋಡಿ."

ತಟ್ಟಿದಳು. ಠಣ್.

"ಠಣ್ ಅಂದ್ರೆ ಬಂಡೆ ಗಟ್ಟಿ. ಈಗ ಆ ಮೂಲೇಲಿ ತಟ್ಟಿ."

ಡೊಬ್.

"ಡೊಬ್ ಅಂದ್ರೆ ಒಳಗೆ ಬಿಟ್ಕೊಂಡಿದೆ. ಅದರ ಕೆಳಗೆ ತಲೆ ಕೊಡಬಾರದು."

"ಅದು ಸರಿ ಮೇಸ್ತ್ರಿ. ಆದ್ರೆ ನೀವು ಕತ್ತಲಲ್ಲಿ ಕೂತಾಗ ಯಾರೂ ತಟ್ಟಲ್ವಲ್ಲ?"

ಅವನು ಒಂದು ಗಳಿಗೆ ಅವಳನ್ನೇ ನೋಡಿದ. "ನಿಮಗೆ ಕೇಳ್ಸಲ್ವಾ?" ಅಂದ. ಆಮೇಲೆ, "ಹೋಗ್ಲಿ ಬಿಡಿ. ವಿಶ್ರಾಂತಿ ಅಂತ ಬರ್ಕೊಳ್ಳಿ."

ಅಕ್ಕ ಬರೆದದ್ದು ವಿಶ್ರಾಂತಿ ಅಂತ ಅಲ್ಲ. ‘ಪೋಲಾದ ಸಮಯ’ ಅಂತ. ಅವಳದ್ದು ಕೆಟ್ಟ ಮನಸ್ಸಲ್ಲ, ನೋಡಿ. ಅವರು ಕಡಿಯೋ ಆ ಭಾಗದಲ್ಲಿ ಉತ್ಪಾದನೆ ಏರದಿದ್ದರೆ ಮುಚ್ಚಿಬಿಡ್ತೀವಿ ಅಂತ ಮ್ಯಾನೇಜರ್ ಹೇಳಿದ್ದರು. ಮುಚ್ಚಿದರೆ ಇಪ್ಪತ್ತೆರಡು ಮನೆ ಒಲೆ ಆರುತ್ತೆ. ಇಪ್ಪತ್ತೆರಡು ಜನ, ತಲಾ ಹನ್ನೊಂದು ನಿಮಿಷ. ಕೂಡಿದರೆ ದಿನಕ್ಕೆ ನಾಲ್ಕು ಗಂಟೆ ಕೆಲಸ ಉಳಿಯುತ್ತೆ. ಅವಳ ಗೈಡು ಫೋನಲ್ಲೇ ಶಭಾಷ್ ಅಂದರು. ಮ್ಯಾನೇಜರ್ ಅವತ್ತೇ ಆದೇಶ ಹೊರಡಿಸಿದರು. ಕವಲಿನಲ್ಲಿ ಯಾರೂ ಕೂರೋ ಹಾಗಿಲ್ಲ. ಫೋನೆತ್ತಿ "ಬಂದ್ವಿ" ಅನ್ನಬೇಕು, ಮುಂದೆ ಹೋಗಬೇಕು, ಅಷ್ಟೇ.

ಆ ಆದೇಶದ ಮೊದಲನೇ ರಾತ್ರಿಯೇ ಹಳೇ ಬಾವಿಯೊಳಗಿಂದ ಸದ್ದು ಬಂದದ್ದು.

ಅವತ್ತು ಓಡಿ ಬಂದು ಬಾಗಿಲು ಹಾಕ್ಕೊಂಡಳು. ಇಲಿಯೋ, ಗಾಳಿಯೋ, ಏನೋ ಒಂದು ಅಂದುಕೊಂಡಳು. ಎರಡನೇ ರಾತ್ರಿ ಸದ್ದು ಬಾವಿಯಲ್ಲಿ ನಿಲ್ಲಲಿಲ್ಲ. ಅವಳ ಹಿಂದೆಯೇ ಬಂತು. ಠಣ್... ನಾಲ್ಕು ಹೆಜ್ಜೆ. ಠಣ್... ನಾಲ್ಕು ಹೆಜ್ಜೆ. ವಯಸ್ಸಾದವರು ಕೋಲೂರಿ ನಡೆದ ಹಾಗೆ, ಅವಸರವೇ ಇಲ್ಲದೆ. ಆ ದಾರಿ ಮಣ್ಣಿನ ದಾರಿ. ಮಣ್ಣಿನಲ್ಲಿ ಠಣ್ ಅನ್ನೋದು ಹೇಗೆ, ನೀವೇ ಹೇಳಿ.

ಬೆಳಗ್ಗೆ ಮೇಸ್ತ್ರಿ ಪಾಳಿ ಮುಗಿಸಿ ಬರೋದನ್ನೇ ಕಾದು ನಿಂತಳು.

"ಮೇಸ್ತ್ರಿ... ಹಳೇ ಬಾವಿ ಹತ್ರ..."

"ಕೇಳ್ಸ್ತಾ?"

"ಯಾರದು?"

ಅವನು ಆಚೀಚೆ ನೋಡಿದ. ದನಿ ಇಳಿಸಿದ. "ಕೋಲಜ್ಜ."

ಸೂರು ತಟ್ಟಿ ನೋಡೋದೇ ಕೋಲಜ್ಜನ ಕೆಲಸ ಆಗಿತ್ತಂತೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಅಣ್ಣ ತಮ್ಮ ಅನ್ನೋರು ಯಾರೂ ಇಲ್ಲ. ಬೇರೆಯವರೆಲ್ಲ ಪಾಳಿ ಮುಗಿದದ್ದೇ ಮನೆಗೆ ಓಡಿ ಮೈಯ ಕರಿ ತೊಳ್ಕೊಳ್ಳೋರು. ಅವನಿಗೆ ಮಾತ್ರ ಪಾಳಿ ಮುಗಿದರೂ ಮೇಲೆ ಬರೋ ಅವಸರ ಇರಲಿಲ್ಲ, ಮೇಲೆ ಯಾರೂ ಕಾಯ್ತಿರಲಿಲ್ಲ. ಒಂದಿನ ಕವಲಿನಲ್ಲಿ ಒಂಬತ್ತು ಜನರನ್ನ ಕೂರಿಸಿ, "ದೀಪ ಆರಿಸ್ಕೊಂಡು ಕೂತಿರಿ, ಬ್ಯಾಟರಿ ಉಳೀಲಿ. ನಾನು ನೋಡ್ಕೊಂಡು ಬರ್ತೀನಿ" ಅಂತ ಮುಂದೆ ಹೋದ. ಇವರು ಕೂತು ಕೇಳ್ತಿದ್ದರು. ಠಣ್... ಠಣ್... ದೂರ ದೂರ ಹೋಯ್ತು. ಹನ್ನೊಂದನೇ ನಿಮಿಷಕ್ಕೆ ಸೂರು ಕುಸೀತು.

"ಅವನನ್ನ ತೆಗೆಯೋಕೇ ಆಗ್ಲಿಲ್ಲಮ್ಮ, ಅವನು ಇಳೀತಿದ್ದ ಆ ಬಾವೀನೂ ಆಗ್ಲೇ ಮುಚ್ಚಿದ್ರು. ಆಗ ನನಗೆ ಹತ್ತೊಂಬತ್ತು. ಆ ಒಂಬತ್ತು ಜನರಲ್ಲಿ ಈಗ ಉಳಿದಿರೋನು ನಾನೊಬ್ಬ."

"ಅದಕ್ಕೇ ದಿನಾ ಕೂರ್ತಿದ್ರಾ?"

"ಅವನಿನ್ನೂ ತಟ್ಕೊಂಡು ಹೋಗ್ತಾನೆ. ನಾವು ಕೂತು ಕೇಳ್ತೀವಿ. ಠಣ್ ಅಂದ್ರೆ ಹೋಗ್ತೀವಿ. ಎರಡು ಸಲ ಡೊಬ್ ಅಂದಿದೆ, ಎರಡು ಸಲಾನೂ ಹೋಗ್ಲಿಲ್ಲ, ಬದುಕ್ಕೊಂಡ್ವಿ." ಮೇಸ್ತ್ರಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಈಗ ಕೂರೋರಿಲ್ಲ. ಅವನಾದ್ರೂ ಏನ್ ಮಾಡ್ತಾನೆ... ಕೇಳೋರನ್ನ ಹುಡುಕ್ಕೊಂಡು ಬಂದಿದಾನೆ."

ಅಕ್ಕ ಕೋಣೆಗೆ ಬಂದು ಮೇಜಿನ ಮುಂದೆ ಕೂತಳಂತೆ. ಸತ್ತು ನಲವತ್ತು ವರ್ಷ ಆದವನಿಗೂ ದಿನಾ ಇಪ್ಪತ್ತೆರಡು ಜನ ಕಾಯ್ತಿದ್ದರು. ಅದನ್ನ ಇವಳು ಒಂದು ಗೆರೆ ಎಳೆದು ನಿಲ್ಲಿಸಿದ್ದಳು. ಇವಳನ್ನ ಆ ಊರಲ್ಲಿ ಯಾವ ಪ್ರಾಣಿಯೂ ಕಾಯ್ತಿರಲಿಲ್ಲ.

ಮೂರನೇ ರಾತ್ರಿ ಸದ್ದು ಅವಳ ಬಾಗಿಲವರೆಗೂ ಬಂತು. ಹೊಸ್ತಿಲ ಹತ್ತಿರ ಒಂದು ಠಣ್. ಆಮೇಲೆ ಸುಮ್ಮನೆ. ಹೋಗಲಿಲ್ಲ. ಅಲ್ಲೇ ನಿಂತಿದೆ ಅಂತ ಅವಳಿಗೆ ಗೊತ್ತಾಗ್ತಿತ್ತು. ಹೊರಗೆ ಥಂಡಿ. ಅಕ್ಕ ಬಾಗಿಲಿಗೆ ಹಣೆ ಇಟ್ಟು ನಿಂತಳು. ಐದು ತಿಂಗಳಲ್ಲಿ ಅವಳ ಬಾಗಿಲಿಗೆ ಯಾರೂ ಬಂದಿರಲಿಲ್ಲ.

ಪಿಸುಗುಟ್ಟಿದಳು. "ಅಜ್ಜ... ಹೊರಗೆ ಯಾಕೆ ನಿಂತಿದ್ದೀರಿ. ಒಳಗೆ ಬನ್ನಿ."

ಇದನ್ನ ನನಗೆ ಹೇಳುವಾಗ, ಯಾಕೆ ಹಾಗಂದೆನೋ ಗೊತ್ತಿಲ್ಲ ಕಣೋ ಅಂದಳು. ಬಾಗಿಲು ತೆಗೀಲಿಲ್ಲ. ಆದರೆ ಕರೆದಳು. ಕರೆದದ್ದು ಕರೆದ ಹಾಗೇ ಅಲ್ವಾ?

ನಾಲ್ಕನೇ ರಾತ್ರಿ. ಪಾಳಿ ಇಳಿಯೋದನ್ನ ಬರ್ಕೊಂಡು, ಹನ್ನೊಂದೂ ಹತ್ತಕ್ಕೆ ಕೋಣೆಗೆ ಬಂದಳು. ದಾರಿಯಲ್ಲಿ ಏನೂ ಸದ್ದಿಲ್ಲ. ಬಾವಿಯೂ ಸುಮ್ಮನಿತ್ತು. ಚಪ್ಪಲಿ ಬಿಟ್ಟು ಮಂಚದ ಮೇಲೆ ಕೂತಳು ಅಷ್ಟೇ...

ಮೇಲೆ. ಒಳಗಡೆ. ಸೂರಿಗೆ.

ಠಣ್.

ಬಾಗಿಲ ಕಡೆಯಿಂದ ಶುರುವಾಗಿ, ಗೇಣು ಗೇಣು ದೂರಕ್ಕೆ ತಟ್ಟುತ್ತಾ ಬರ್ತಿತ್ತು. ಠಣ್... ಠಣ್... ಠಣ್... ಸರಿಯಾಗಿ ಅವಳ ನೆತ್ತಿಯ ಮೇಲೆ ಬಂದು ನಿಂತಿತು.

ಡೊಬ್.

ಅದೇ ಜಾಗಕ್ಕೆ ಮತ್ತೆ. ಡೊಬ್. ಈ ಸಲ ಜೋರಾಗಿ. ಡೊಬ್!

ಅಕ್ಕ ಬರಿಗಾಲಲ್ಲಿ ಓಡಿದಳು. ಬಾವಿ ಯಾವಾಗ ದಾಟಿದಳೋ ಅವಳಿಗೇ ಗೊತ್ತಿಲ್ಲ. ಗಣಿಯ ಬಾಯಲ್ಲಿ ಲಿಫ್ಟ್ ನಡೆಸೋನು ಕುರ್ಚಿಯಲ್ಲಿ ತೂಕಡಿಸ್ತಿದ್ದ. ಅವನನ್ನ ಸರಿಸಿ ಕವಲಿನ ಫೋನಿಗೆ ಕರೆ ಮಾಡಿದಳು. ಕಿರ್‌ರ್... ಕಿರ್‌ರ್... ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಐದನೇ ಸಲಕ್ಕೆ ಎತ್ತಿದರು.

"ಬಂದ್ವಿ" ಅಂದ ಮೇಸ್ತ್ರಿ. ದಿನದ ಹಾಗೆ.

"ಮೇಸ್ತ್ರಿ, ನಾನು. ಮುಂದೆ ಹೋಗ್ಬೇಡಿ."

"ಯಾರು ಹೇಳಿದ್ದು?"

ಏನಂತ ಹೇಳೋದು?

"ಡೊಬ್ ಅಂತು."

ಮೇಸ್ತ್ರಿಯ ಉಸಿರು ಫೋನಿಗೆ ಹತ್ತಿರ ಬಂತು.

"ಎಲ್ಲಿ?"

"ನನ್ನ ಕೋಣೇಲಿ."

ಹಿಂದೆ ಬೂಟುಗಳ ಸದ್ದು ಕೇಳ್ತಿತ್ತು. ಆಮೇಲೆ ಮೇಸ್ತ್ರಿ ಅವರಿಗೆ ಹೇಳಿದ್ದು ಕೇಳಿಸ್ತು. "ಕೂತ್ಕೊಳ್ರೋ."

ಫೋನ್ ಇಡಲಿಲ್ಲ. ಅವನೂ ಇಡಲಿಲ್ಲ, ಇವಳೂ ಇಡಲಿಲ್ಲ. ಕೆಳಗೆ ಇಪ್ಪತ್ತೆರಡು ಜನ ಕತ್ತಲಲ್ಲಿ ಕೂತಿದ್ದಾರೆ, ಮೇಲೆ ಇವಳು ಬರಿಗಾಲಲ್ಲಿ ನಿಂತಿದ್ದಾಳೆ. ಲಿಫ್ಟಿನವನು ಇವಳಿಗೆ ಬುದ್ಧಿಭ್ರಮಣೆ ಆಗಿದೆ ಅನ್ನೋ ಹಾಗೆ ನೋಡ್ತಿದ್ದ. ಇವಳಿಗೂ ಹಾಗೇ ಅನ್ನಿಸೋಕೆ ಶುರುವಾಗಿತ್ತು. ನಾಳೆ ಮ್ಯಾನೇಜರ್ ಏನಂತಾರೆ, ಗೈಡ್ ಏನಂತಾರೆ...

ಆಗ ಬಂತು. ಸ್ಫೋಟದ ಹಾಗಲ್ಲವಂತೆ. ಎಲ್ಲೋ ಬಹಳ ದೊಡ್ಡ ಬಾಗಿಲೊಂದನ್ನ ನಿಧಾನವಾಗಿ ಎಳೆದು ಮುಚ್ಚಿದ ಹಾಗೆ. ಗರ್‌ರ್‌ರ್... ದಢ್. ಆಮೇಲೆ ಫೋನಿನಲ್ಲಿ ಬರೀ ಕೆಮ್ಮು. ಒಬ್ಬ ಕೆಮ್ಮಿದ, ಇನ್ನೊಬ್ಬ ಕೆಮ್ಮಿದ. ಅಕ್ಕ ಆ ಕೆಮ್ಮುಗಳನ್ನ ಎಣಿಸ್ತಾ ಅಳ್ತಿದ್ದಳು.

"ಎಲ್ಲರೂ ಇದೀವಮ್ಮ" ಅಂದ ಮೇಸ್ತ್ರಿ. "ಇಪ್ಪತ್ತೆರಡೂ ಇದೀವಿ."

ಅವರು ಮೇಲೆ ಬಂದರು. ಒಬ್ಬ ತನ್ನ ಬೂಟು ಬಿಚ್ಚಿ ಅವಳ ಮುಂದೆ ಇಟ್ಟ, ಹಾಕ್ಕೊಳ್ಳಿ ಅಂತ. ತಲೆದೀಪ ಉರಿಸಿಕೊಂಡು ಇಪ್ಪತ್ತೆರಡು ಜನವೂ ಅವಳ ಕೋಣೆವರೆಗೆ ನಡೆದು ಬಂದರು. ಬಾಗಿಲು ಹಾಕಿಕೊಳ್ಳೋವರೆಗೂ ನಿಂತಿದ್ದರು.

ಬೆಳಗ್ಗೆ ಮ್ಯಾನೇಜರ್ ಕರೆಸಿದರು. "ಯಾವ ಆಧಾರದ ಮೇಲೆ ಫೋನ್ ಮಾಡಿದ್ರಿ?" ಅಂತ ಕೇಳಿದರು. ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಏನೂ ಬರೆದುಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕವಲಿನಲ್ಲಿ ಕೂರಬಾರದು ಅನ್ನೋ ಆದೇಶ ವಾಪಸಾಗಿತ್ತು. ಪ್ರಬಂಧದಲ್ಲಿ ಅಕ್ಕ ಆ ಹನ್ನೊಂದು ನಿಮಿಷವನ್ನ ‘ಸೂರಿನ ಪರೀಕ್ಷೆ, ಅತ್ಯಗತ್ಯ’ ಅಂತ ತಿದ್ದಿದಳು. ಪರೀಕ್ಷೆ ಮಾಡೋರು ಯಾರು ಅಂತ ಗೈಡು ಕೇಳಿದ್ದಕ್ಕೆ, "ಬಹಳ ಅನುಭವ ಇರೋರು, ಸರ್" ಅಂದಳಂತೆ. ಡಿಗ್ರಿಯೇನೋ ಸಿಕ್ತು.

ಸೂರು ಕುಸಿದ ಸುದ್ದಿ ಕೇಳಿ ದೊಡ್ಡಮ್ಮ ಗಾಬರಿಯಾಗಿ, ಅಕ್ಕನ್ನ ಕರ್ಕೊಂಡು ಬಾ ಅಂತ ನನ್ನ ಅಟ್ಟಿದರು. ನಾನು ಮಾರನೇ ಸಂಜೆ ಹೋಗಿ ಮುಟ್ಟಿದೆ. ಇಬ್ಬರೂ ಸೇರಿ ಸಾಮಾನು ಕಟ್ಟಿದೆವು. ಈಗ ಹೇಳಿದ್ದೆಲ್ಲ ಅವಳು ನನಗೆ ಹೇಳಿದ್ದು ಆ ರಾತ್ರಿ. ಅವಳು ಮಂಚದ ಮೇಲೆ, ನಾನು ಕೆಳಗೆ ಚಾಪೆಯಲ್ಲಿ. ನಾನು ಹೂಂ ಹೂಂ ಅಂತಲೇ ನಿದ್ದೆ ಹೋದೆ. ನಿಜ ಹೇಳಬೇಕಂದ್ರೆ, ನಂಬಿರಲಿಲ್ಲ.

ಯಾವಾಗಲೋ ಎಚ್ಚರ ಆಯ್ತು. ಬಚ್ಚಲಲ್ಲಿ ಯಾರೋ ನೀರು ಹುಯ್ಕೊಳ್ತಿದ್ದರು. ಚೊಂಬು ಬಕೆಟ್ಟಿಗೆ ತಾಗೋ ಸದ್ದು, ಮೈ ಮೇಲೆ ನೀರು ಬೀಳೋ ಸದ್ದು. ಧೊಳ್... ಧೊಳ್... ನಿಧಾನಕ್ಕೆ. ಅಕ್ಕ ಇರಬೇಕು ಅಂತ ಮಗ್ಗುಲು ಬದಲಿಸಿ ಮಲಗಿದೆ.

ಬೆಳಗ್ಗೆ ಅಕ್ಕ ಕೇಳಿದಳು, "ಅಷ್ಟು ಹೊತ್ತಲ್ಲಿ ತಣ್ಣೀರು ಸ್ನಾನ ಯಾಕೋ ಮಾಡಿದೆ?"

ನಾನು ಅದನ್ನೇ ಅವಳನ್ನ ಕೇಳೋಣ ಅಂತಿದ್ದೆ.

ಬಾಗಿಲ ಚಿಲಕ ಒಳಗಿಂದ ಹಾಕಿತ್ತು. ನಾನೇ ಹಾಕಿದ್ದು, ನಾನೇ ತೆಗೆದದ್ದು. ಬಚ್ಚಲಿಗೆ ಹೋಗಿ ನೋಡಿದೆವು. ಸೋಪು ಕರ್ರಗಾಗಿತ್ತು. ಬಕೆಟ್ಟಿನ ತಳದಲ್ಲಿ ಒಂದು ಬೆರಳು ದಪ್ಪ ಕಲ್ಲಿದ್ದಲಿನ ಕರಿ ಕೂತಿತ್ತು. ಆ ನೀರು ಚೆಲ್ಲಿದವನು ನಾನು, ಈ ಕೈಯಲ್ಲೇ. ನೀವು ನಂಬದೇ ಇದ್ದರೆ ನನಗೇನೂ ಬೇಜಾರಿಲ್ಲ. ಅಕ್ಕನ ಟವೆಲ್ಲನ್ನ ಚೆನ್ನಾಗಿ ಹಿಂಡಿ, ನಾಲ್ಕು ಮಡಿಕೆ ಮಾಡಿ, ಮೊಳೆಗೆ ನೇತುಹಾಕಿತ್ತು. ಇನ್ನೂ ಒದ್ದೆ ಇತ್ತು.