ಒಬ್ಬನಿಗೆ ಒಂದೇ ಸ್ವರ

ಪೈಪು ಅಂದ್ರೆ ಪೈಪೇ ಮಾರಾಯ್ತಿ, ಬಾತ್‌ರೂಮಿಗೆ ಹಾಕುವ ಬಿಳಿ ಪೈಪು. ಅದನ್ನೇ ಕೊಯ್ದು ಊದುದು. ನೀನು ಶಾಲೆಯಲ್ಲಿ ಕೊಳಲು ಊದ್ತಿಯಲ್ಲ, ಅದರ ಹಾಗೆ ತೂತುಗೀತು ಎಂತದೂ ಇಲ್ಲ. ಒಂದು ಪೈಪಿಗೆ ಒಂದೇ ಸ್ವರ, ಬೋ ಅಂದ್ರೆ ಬೋ, ಅಷ್ಟೇ. ಜೋಯೆಲ್, ನಗ್ಬೇಡ, ಆ ಬೋ ಇಲ್ಲದಿದ್ರೆ ನಿನ್ನ ಅಜ್ಜ ಈಗ ಒಳಗೆ ಮಲ್ಕೊಂಡು ನನ್ನ ತಪ್ಪು ಹುಡುಕ್ಲಿಕ್ಕೆ ಇರ್ತಿರ್ಲಿಲ್ಲ. ಕೇಳ್ತಾ ಉಂಟು ಅವರಿಗೆ, ಕಿವಿ ಚುರುಕುಂಟು, ಶ್ವಾಸಕೋಶ ಮಾತ್ರ ಹಾಳಾದದ್ದು. ನೀವು ಆಗ ಇಲ್ಲೇ, ಅಬುಧಾಬಿಯಲ್ಲಿ ಇದ್ದದ್ದು, ಈ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲೇ. ನಾವಿಬ್ರು ದುಬೈಯಲ್ಲಿ, ಅಲ್ ಕುಸೈಸಲ್ಲಿ, ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ. ನಾನು ಶಾಲೆ ಬಸ್ಸಿನ ಆಯಾ ಕೆಲಸ ಬಿಟ್ಟಿದ್ದೆ, ಅಜ್ಜನನ್ನು ನೋಡ್ಕೊಳ್ಳೋದೇ ಕೆಲಸ. ಅಜ್ಜನ ಹತ್ರ ಕರೆಂಟಿನ ಆಕ್ಸಿಜನ್ ಮಿಷನ್, ಮೂಗಿಗೆ ನಳಿಗೆ, ದಿನವಿಡೀ ಅದರ ಗುಂಯ್ ಶಬ್ದ. ಕರೆಂಟು ಹೋದ್ರೆ ಅಂತ ಒಂದು ಸಣ್ಣ ಸಿಲಿಂಡರ್ ಮೂಲೆಯಲ್ಲಿ. ದುಬೈಯಲ್ಲಿ ಕರೆಂಟ್ ಎಲ್ಲಿ ಹೋಗ್ತದೆ, ನಮ್ಮ ಊರಾ ಅದು, ಅಂತ ನಾವು ಧೈರ್ಯವಾಗಿ ಕೂತದ್ದು.

ಎದುರು ಫ್ಲ್ಯಾಟಲ್ಲಿ ವಿಲ್ನೇರ್ ಇದ್ದ. ಹೈಟಿ ದೇಶದವ. ಹೈಟಿ ಎಲ್ಲಿ ಅಂತ ನನಗೂ ಗೊತ್ತಿರ್ಲಿಲ್ಲ, ಆಫ್ರಿಕಾ ಅಂದ್ಕೊಂಡಿದ್ದೆ, ಅಲ್ಲವಂತೆ, ಅಮೆರಿಕಾದ ಕೆಳಗೆ ಸಮುದ್ರದಲ್ಲಿ ಉಂಟಂತೆ. ಎತ್ತರದ ಆಳು, ಹೋಟೆಲಿನ ಬ್ಯಾಂಡಲ್ಲಿ ಟ್ರಂಪೆಟ್ ಊದುದು, ಸಂಜೆಗೆ ಕಪ್ಪು ಕೋಟು ಹಾಕಿ ಹೊರಡುದು. ಚರ್ಚಲ್ಲಿ ಒಂದಿನ ನಮ್ಮ ಬೆಂಚಲ್ಲೇ ಕೂತ, ಅಲ್ಲಿಂದ ಪರಿಚಯ. ಅಜ್ಜನಿಗೂ ಅವನಿಗೂ ಎಂತ ದೋಸ್ತಿ ಅಂದ್ರೆ, ನಾನು ಇಬ್ರಿಗೆ ಚಾಯ ಮಾಡಿ ಮಾಡಿ ಸಾಕಾಯ್ತು. ಯಾಕಂದ್ರೆ ನಿಮ್ಮ ಅಜ್ಜ ಊರಲ್ಲಿ ಬ್ಯಾಂಡಿನವ್ರಲ್ವಾ, ಮದುವೆಗೆ, ಮರಣಕ್ಕೆ, ಎಲ್ಲದಕ್ಕೂ ಕ್ಲಾರಿನೆಟ್. ನಮ್ಮಲ್ಲಿ ಶವ ಮನೆಯಿಂದ ಚರ್ಚಿಗೆ ಹೋಗುವಾಗ ಬ್ಯಾಂಡ್ ಮುಂದೆ ಹೋಗ್ತದೆ, ಗೊತ್ತುಂಟಲ್ಲ. ಅವರ ಬ್ಯಾಂಡ್ ಮಾಸ್ಟರ್ ಒಂದು ಕಟ್ಟಳೆ ಇಟ್ಟಿದ್ದನಂತೆ. ಶವ ದಾರಿಯಲ್ಲಿ ನಿಲ್ಬಾರ್ದು, ಹಾಡೂ ನಿಲ್ಬಾರ್ದು. ಒಬ್ಬನಿಗೆ ಉಸಿರು ಸೋತ್ರೆ ಪಕ್ಕದವ ಅವನ ಸ್ವರ ಎತ್ತಿಕೊಳ್ಬೇಕು, ಜನಕ್ಕೆ ಗೊತ್ತೇ ಆಗ್ಬಾರ್ದು. ಅಜ್ಜ ಇದನ್ನು ದೊಡ್ಡ ಹೆಮ್ಮೆಯಲ್ಲಿ ಹೇಳಿದ್ರೆ ಆ ವಿಲ್ನೇರ್ ತಲೆ ಅಲ್ಲಾಡಿಸ್ತಾನೆ, ಹೀಗೆ. ಒಪ್ಲಿಕ್ಕಲ್ಲ, ಇಲ್ಲ ಅನ್ಲಿಕ್ಕೆ.

ಅವರ ಊರಿನ ಕಥೆಯೇ ಬೇರೆ. ಈಸ್ಟರಿಗೆ ಮುಂಚೆ ತಪಸ್ಸು ಕಾಲ ಉಂಟಲ್ಲ, ನಮ್ಮಲ್ಲಾದ್ರೆ ಆಗ ಮದುವೆ ಇಲ್ಲ, ಬ್ಯಾಂಡಿಲ್ಲ. ಅವರಲ್ಲಿ ಆಗಲೇ ಇಡೀ ಊರು ಬಿದಿರು ಹಿಡ್ಕೊಂಡು ರಸ್ತೆಗೆ ಇಳೀತದಂತೆ. ಗದ್ದೆ ಕೆಲಸದವ್ರು, ಮೀನು ಹಿಡಿಯುವವ್ರು, ಎಲ್ರೂ. ಒಬ್ಬನಿಗೆ ಒಂದು ಬಿದಿರು, ಒಂದು ಬಿದಿರಿಗೆ ಒಂದು ಸ್ವರ. ಇವ ಬೋ, ಅವ ಪೋ, ಮತ್ತೊಬ್ಬ ಪೀ, ಸರದಿ ತಪ್ಪದೆ ಊದ್ತಾ ಹೋದ್ರೆ ಹಾಡು ಆಗ್ತದೆ. ಒಬ್ಬನ ಕೈಯಲ್ಲಿ ಹಾಡೇ ಇಲ್ಲ. ನಾನು ಕೇಳಿದೆ, ಅದು ಎಂತ ಸಂಗೀತ ಮಾರಾಯ, ಒಂದೇ ಸ್ವರ ಊದಿ ಊದಿ ಬೇಜಾರಾಗುದಿಲ್ವಾ ಅಂತ. ನಕ್ಕ. ಅವರ ಊರ ಪಕ್ಕ ಒಂದು ಹೊಳೆಯಂತೆ, ಮಳೆಗಾಲದಲ್ಲಿ ಕೆಂಪು ನೀರು, ತಳ ಕಾಣುದಿಲ್ಲ. ಆಗ ಇದೇ ಬಿದಿರಿನವ್ರು ಹೊಳೆಯಲ್ಲಿ ಗಟ್ಟಿ ನೆಲ ಇರುವ ಕಡೆ ಒಬ್ಬೊಬ್ಬ ನಿಂತು ಊದುದು, ದಾಟುವವ್ರು ಸ್ವರದಿಂದ ಸ್ವರಕ್ಕೆ ಕಾಲಿಡುದು. ನಾನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಟ್ಟೆ. ಅಲ್ಲ, ಬಿಡ್ಲಿಲ್ಲ ಅಂತ ಕಾಣ್ತದೆ, ಈಗ ಹೇಳ್ತಾ ಇದ್ದೇನಲ್ಲ.

ಹಾಂ, ಮಳೆ. ಅಂಥ ಮಳೆ ನಾನು ಗಲ್ಫಿಗೆ ಬಂದ ಮೇಲೆ ಕಂಡದ್ದೇ ಇಲ್ಲ. ಒಂದು ದಿನ ಇಡೀ ಸುರೀತು, ಮರುದಿನ ಬೆಳಿಗ್ಗೆ ಕಿಟಕಿಯಿಂದ ನೋಡಿದ್ರೆ ರಸ್ತೆ ಇಲ್ಲ. ಕಾರಿನ ತಲೆ ಮಾತ್ರ ಕಾಣುದು, ಒಂದು ಬಸ್ಸು ಅಡ್ಡ ನಿಂತು ಹೋಗಿದೆ, ಕಂದು ನೀರು ಎದೆಯವರೆಗೆ. ನೀರು ಇಳೀಲಿ ಅಂತ ಯಾರೋ ಅಲ್ಲಲ್ಲಿ ಚರಂಡಿ ಮುಚ್ಚಳ ಬೇರೆ ತೆಗ್ದಿದ್ದಾರೆ, ಎಲ್ಲಿ ತೆಗ್ದದ್ದು ಅಂತ ಮೇಲಿಂದ ನೋಡಿದ್ರೂ ಗೊತ್ತಾಗುದಿಲ್ಲ. ನಾನು ನೋಡ್ತಾ ಇದ್ದ ಹಾಗೇ ಮಿಷನಿನ ಗುಂಯ್ ನಿಂತಿತು. ಕೆಳಗೆ ಕರೆಂಟಿನ ರೂಮಿಗೆ ನೀರು ನುಗ್ಗಿತ್ತು. ಲಿಫ್ಟ್ ಖಲಾಸ್, ಲೈಟ್ ಖಲಾಸ್. ನಾನು ಸಣ್ಣ ಸಿಲಿಂಡರಿಗೆ ನಳಿಗೆ ಸಿಕ್ಕಿಸಿದೆ. ಅದರ ಗಡಿಯಾರದ ಹಾಗಿದ್ದದ್ದಲ್ಲಿ ಮುಳ್ಳು ಅರ್ಧದಲ್ಲಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದೆ, ಬರ್ತೇವೆ ಅಂದ್ರು, ಪಾಪ, ಅವ್ರು ಹೇಗೆ ಬರ್ತಾರೆ, ದೋಣಿ ತರ್ಬೇಕು. ನಿನ್ನ ಡ್ಯಾಡಿ ಅಬುಧಾಬಿಯಿಂದ ಹೊರಟು ದಾರಿ ಬಂದ್ ಅಂತ ಅರ್ಧದಲ್ಲಿ ಸಿಕ್ಕಿಹಾಕಿಕೊಂಡ. ರಸ್ತೆ ಆಚೆ ಕ್ಲಿನಿಕ್ಕಿನ ನರ್ಸಿಗೆ ಮಾಡಿದೆ. ದೊಡ್ಡ ಸಿಲಿಂಡರ್ ಉಂಟು ಆಂಟಿ, ಆದ್ರೆ ಕಳಿಸ್ಲಿಕ್ಕೆ ಜನ ಇಲ್ಲ, ಯಾರಾದ್ರೂ ಬಂದ್ರೆ ಕೊಡ್ತೇನೆ ಅಂದ್ಲು. ಅಷ್ಟು ಹೇಳುವಾಗ ನನ್ನ ಫೋನೂ ಸತ್ತಿತು.

ನಾನು ಬಾಗಿಲು ತೆಗ್ದು ಬೊಬ್ಬೆ ಹಾಕಿದೆ. ನನಗೆ ಹೆದರಿಕೆ ಆಗಿತ್ತು ಮಕ್ಕಳೇ. ವಿಲ್ನೇರ್ ಬಂದ, ಅವನ ಒಟ್ಟಿಗೆ ಇರುವ ರೋಮೆಲ್ ಬಂದ, ಫಿಲಿಪೀನಿನವ, ಅದೇ ಬ್ಯಾಂಡಲ್ಲಿ ಗಿಟಾರ್. ಕೆಳಗೆ ಕೆಫೆಟೇರಿಯಾ ಇಟ್ಟಿದ್ದ ಹಮೀದ್ ಬಂದ, ನಮ್ಮ ಊರ ಕಡೆಯ, ಉಳ್ಳಾಲದ ಬ್ಯಾರಿ ಮುಸ್ಲಿಂ, ಅವನ ಅಂಗಡಿ ಮುಳುಗಿ ಮೆಟ್ಟಿಲಲ್ಲಿ ಕೂತಿದ್ದ. ಹಮೀದ್ ಹೇಳಿದ, “ಮೂರು ಜನ ಕೈ ಹಿಡ್ಕೊಂಡು ಹೋಗುವಾ, ಬೊಬ್ಬೆ ಹಾಕಿಕೊಂಡು ಹೋದ್ರೆ ಆಯ್ತು.” ವಿಲ್ನೇರ್ ಬೇಡ ಅಂದ. ಕೈ ಹಿಡ್ಕೊಂಡ್ರೆ ಒಬ್ಬ ಬಿದ್ದಲ್ಲಿಗೆ ಮೂವರೂ ಬೀಳ್ತೇವೆ, ಬೊಬ್ಬೆ ಆದ್ರೆ ಎಲ್ರೂ ಒಟ್ಟಿಗೆ ಹಾಕ್ತಾರೆ, ಯಾರು ಹಾಕ್ತಾ ಇಲ್ಲ ಅಂತ ಗೊತ್ತಾಗುದಿಲ್ಲ ಅಂತ. ಹೇಳಿದವನೇ ತನ್ನ ರೂಮಿಂದ ಬಿಳಿ ಪೈಪು, ಗರಗಸ ತಂದ. ಅವನಿಗೆ ಊರಿನ ನೆನಪಾದಾಗೆಲ್ಲ ಪೈಪು ಕೊಯ್ಯುವ ಚಾಳಿ, ವಾಚ್‌ಮ್ಯಾನಿನ ಹತ್ರ ಬೈಸಿಕೊಳ್ತಿದ್ದ. ನನ್ನ ಹಾಲಲ್ಲೇ ಕೂತು ಉದ್ದ ಒಂದು, ನಡು ಒಂದು, ಗಿಡ್ಡ ಒಂದು ಕೊಯ್ದು, ಬಾಯಿ ಇಡುವಲ್ಲಿ ಸೈಕಲ್ ಟ್ಯೂಬ್ ಸುತ್ತಿದ. ಹಮೀದನ ಗಿಡ್ಡ ಪೈಪಿನ ಅಂಚು ಒಡೀತು, ಅದೇ ಅಳತೆಗೆ ಇನ್ನೊಂದು ಕೊಯ್ದು ಕೊಟ್ಟ, ಒಡ್ದದ್ದು ಟೀಪಾಯಿ ಮೇಲೆ ಉಳೀತು. ನನಗೆ ಸಿಟ್ಟು ತಡೀಲಿಲ್ಲ. “ಇಲ್ಲಿ ಮನುಷ್ಯನ ಉಸಿರು ಹೋಗ್ತಾ ಉಂಟು, ನಿಮಗೆ ಪೀಪಿ ಊದುವ ಆಟವಾ” ಅಂತ ಕೇಳಿದೆ. ಅವ ನನ್ನನ್ನು ನೋಡಿ ಮೆತ್ತಗೆ ಹೇಳಿದ, “ಮಮ್ಮಾ, ಒಂದು ಸ್ವರ ತಪ್ಪಿದ್ರೆ ಎಲ್ರೂ ನಿಲ್ಬೇಕು, ತಪ್ಪಿದವನ ಹತ್ರ ಹೋಗ್ಬೇಕು. ಇಷ್ಟೇ ಆಟ.” ಆಮೇಲೆ ಯಲ್ಲಾ, ಹೋಗುವಾ ಅಂದ. ಹೊರಟ್ರು.

ನಾನು ಅಜ್ಜನ ಕುರ್ಚಿ ಕಿಟಕಿಗೆ ಎಳ್ದೆ, ಗಾಳಿಯಾದ್ರೂ ಬರ್ಲಿ ಅಂತ. ಸಿಲಿಂಡರಿನ ಮುಳ್ಳು ಅರ್ಧದಿಂದ ಕಾಲು ಭಾಗಕ್ಕೆ ಇಳ್ದಿತ್ತು. ಕೆಳಗೆ ವಿಲ್ನೇರ್ ಮುಂದೆ, ನೆಲ ಒರೆಸುವ ಕೋಲು ಹಾಕಿ ಹಾಕಿ ನೆಲ ನೋಡ್ತಾ ಹೋಗುದು, ಗಟ್ಟಿ ಸಿಕ್ಕಿದಲ್ಲಿ ಒಬ್ಬನನ್ನು ನಿಲ್ಲಿಸುದು. ಹಮೀದನನ್ನು ನಮ್ಮ ಕಿಟಕಿಯ ಕೆಳಗೆ, ಗೋಡೆ ಮೂಲೆಯಲ್ಲಿ ನಿಲ್ಲಿಸಿದ. ರೋಮೆಲನನ್ನು ಬಸ್ಸಿನ ಆಚೆ. ಹಾಗಾಗಿ ಅವರಿಬ್ರಿಗೆ ಹಮೀದ ಕಾಣುದಿಲ್ಲ, ಬಸ್ಸು ಅಡ್ಡ. ಕೇಳುದು ಮಾತ್ರ. ವಿಲ್ನೇರ್ ಬೋ, ರೋಮೆಲ್ ಪೋ, ಹಮೀದ್ ಪೀ. ಬೋ, ಪೋ, ಪೀ. ಎಲ್ಲೋ ನೀರು ಎಳೆಯುವ ಪಂಪಿನ ಗಲಾಟೆ, ಎಲ್ಲೋ ಕಾರಿನ ಅಲಾರಾಂ, ಅದರ ನಡುವೆ ಇದೊಂದೇ ಸ್ಪಷ್ಟ. ವಿಲ್ನೇರ್ ಕ್ಲಿನಿಕ್ ಮೆಟ್ಟಿಲು ಹತ್ತಿದ, ನರ್ಸ್ ಬಂದ್ಲು, ಸಿಲಿಂಡರ್ ಹೆಗಲಿಗೆ ಏರ್ತು. ನನಗೆ ಬೇರೆ ಎಂತದೂ ಕಾಣುದಿಲ್ಲ, ಆ ಸಿಲಿಂಡರ್ ಮಾತ್ರ. ಬಾ, ಬಾ ಮಗನೇ, ಬೇಗ ಬಾ ಅಂತ ಬಾಯಲ್ಲಿ ಹೇಳ್ತಾ ಇದ್ದೆ. ಬೋ, ಪೋ, ಪೀ. ಅವ ಮತ್ತೆ ನೀರಿಗಿಳ್ದ. ಬೋ, ಪೋ, ಪೀ.

ಆ ಪೀ ಒಂದು ನಮೂನೆ ಸೋತ ಹಾಗೆ ಕೇಳ್ತು. ಬಸ್ಸಿನ ಆಯಾ ಆಗಿದ್ದವಳು ನಾನು, ಮಕ್ಕಳು ಎಷ್ಟು ಗಲಾಟೆ ಮಾಡ್ಲಿ, ಸೀಟು ಖಾಲಿ ಇದ್ರೆ ಕಣ್ಣಿಗೆ ಹೊಡೀತದೆ. ಬಗ್ಗಿ ನೋಡಿದ್ರೆ ಗೋಡೆ ಮೂಲೆಯಲ್ಲಿ ಹಮೀದ ಇಲ್ಲ. ಅವನ ಬಿಳಿ ಟೊಪ್ಪಿ ನೀರ ಮೇಲೆ ತಿರುಗ್ತಾ ಉಂಟು. ಇಲ್ಲ, ಹಮೀದ ಇಲ್ಲ. ಆದ್ರೆ ಪೀ ಕೇಳ್ತಾ ಉಂಟು. ಬೋ, ಪೋ, ಪೀ. ಎಲ್ಲಿಂದ ಊದ್ತಾನೆ ಇವ ಅಂತ ನನ್ನ ಮಂಡೆಗೇ ಹೋಗುದಿಲ್ಲ. ಆಮೇಲೆ ಗೊತ್ತಾಯ್ತು, ಶಬ್ದ ಕೆಳಗಿಂದ ಅಲ್ಲ, ನನ್ನ ಬೆನ್ನ ಹಿಂದಿನಿಂದ. ತಿರುಗಿ ನೋಡ್ತೇನೆ, ನಿಮ್ಮ ಅಜ್ಜ. ಮೂಗಲ್ಲಿ ನಳಿಗೆ, ತುಟಿ ನೀಲಿ, ಕಣ್ಣು ಮುಚ್ಚಿದೆ, ಕೈಯಲ್ಲಿ ಆ ಒಡ್ದ ಗಿಡ್ಡ ಪೈಪು. ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ, ಸರದಿ ಬಂದಾಗ ಸರಿಯಾಗಿ, ಊದ್ತಾ ಇದ್ದಾರೆ.

ನಾನು ಕೈಗೆ ಒಂದು ಬಾರಿಸಿ ಪೈಪು ಕಿತ್ಕೊಂಡೆ. ಹೌದು, ಬಾರಿಸಿದೆ, ಬೇಕಾದ್ರೆ ಕೇಳಿ. ಬೋ ಬಂತು, ಪೋ ಬಂತು. ಆಮೇಲೆ ಖಾಲಿ. ಆ ಖಾಲಿ ಇದ್ದದ್ದು ಒಂದು ಕ್ಷಣ, ನನಗೆ ಒಂದು ವರ್ಷದಷ್ಟು ಉದ್ದ. ವಿಲ್ನೇರ್ ನಿಂತ. ಬೊಬ್ಬೆ ಇಲ್ಲ, ಪ್ರಶ್ನೆ ಇಲ್ಲ, ಸಿಲಿಂಡರನ್ನು ಒಂದು ಜೀಪಿನ ತಲೆ ಮೇಲೆ ಇಟ್ಟ, ಇತ್ತ ತಿರುಗಿ ಬಂದ. ರೋಮೆಲ್ ಬಸ್ಸಿನ ಹಿಂದಿನಿಂದ ಓಡಿ, ಅಲ್ಲ ಓಡ್ಲಿಕ್ಕೆ ಎಲ್ಲಿ ಆಗ್ತದೆ, ಎದೆಯಲ್ಲಿ ನೀರು ತಳ್ಕೊಂಡು ಬಂದ. ನಾನು ಮೇಲಿಂದ ಟೊಪ್ಪಿ ತೋರಿಸ್ತಾ ಇದ್ದೇನೆ, ಅಲ್ಲಿ, ಅಲ್ಲಿ ಅಂತ. ಹಮೀದ ಎಂತ ಮಾಡಿದ್ದು ಗೊತ್ತುಂಟಾ, ಅವನ ಅಂಗಡಿಯ ಕುರ್ಚಿ ತೇಲಿ ಹೋಗ್ತಾ ಇತ್ತಂತೆ, ಒಂದೇ ಹೆಜ್ಜೆ ಅಂತ ಹಿಡೀಲಿಕ್ಕೆ ಕೈ ಚಾಚಿದ್ದಾನೆ, ಆ ಒಂದು ಹೆಜ್ಜೆಯಲ್ಲಿ ಮುಚ್ಚಳ ಇಲ್ಲದ ಚರಂಡಿ. ಕಾಲು ತೊಡೆಯವರೆಗೆ ಒಳಗೆ, ನೀರು ಎಳೀತಾ ಉಂಟು, ಕೈ ಒಂದು ಕಾರಿನ ಬಂಪರಿಗೆ ಸಿಕ್ಕಿದೆ, ಮುಖ ಒಮ್ಮೆ ಮೇಲೆ ಒಮ್ಮೆ ಕೆಳಗೆ. ಬಾಯಲ್ಲಿ ನೀರು, ಬೊಬ್ಬೆ ಹೇಗೆ ಹಾಕುದು. ಇಬ್ರೂ ಸೇರಿ ಎಳ್ದ್ರು. ಬರುದಿಲ್ಲ. ಮತ್ತೆ ಎಳ್ದ್ರು. ಇತ್ತ ನನ್ನ ಪಕ್ಕದಲ್ಲಿ ಅಜ್ಜನ ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದಿದೆ, ಅತ್ತ ದೊಡ್ಡ ಸಿಲಿಂಡರ್ ಜೀಪಿನ ಮೇಲೆ ಕೂತಿದೆ. ದೇವರೇ, ಯಾರಿಗೆ ಅಂತ ಬೇಡುದು ನಾನು. ಒಬ್ಬನ ಹೆಂಡತಿ ಉಳ್ಳಾಲದಲ್ಲಿ ಇದ್ದಾಳೆ, ಒಬ್ಬನ ಹೆಂಡತಿ ನಾನು.

ಮೂರನೇ ಸಲ ಎಳ್ದಾಗ ಹಮೀದ ಮೇಲೆ ಬಂದ. ಮೀನು ಎಳ್ದ ಹಾಗೆ ಎಳ್ದು ಮೆಟ್ಟಿಲಿಗೆ ಹಾಕಿದ್ರು, ರೋಮೆಲ್ ಅವನ ಬೆನ್ನು ತಟ್ಟುದಕ್ಕೆ ಕೂತ, ವಿಲ್ನೇರ್ ಮತ್ತೆ ಜೀಪಿನ ಹತ್ರ ಹೋದ. ಆಗ ಅವನಿಗೆ ದಾರಿ ತೋರಿಸ್ಲಿಕ್ಕೆ ಯಾರೂ ಇಲ್ಲ, ಕೋಲೂ ಇಲ್ಲ. ಒಬ್ಬನೇ ಬೋ ಊದ್ತಾ ಹೋದ, ಕೆಳಗೆ ಮೆಟ್ಟಿಲಿಂದ ರೋಮೆಲ್ ಪೋ ಅಂದ, ಮತ್ತೆ ಸ್ವಲ್ಪ ಹೊತ್ತಿಗೆ, ಸತ್ಯವಾಗಿ ಹೇಳ್ತೇನೆ, ಆ ಹಮೀದ ವಾಂತಿ ಮಾಡ್ತಾ ಮಾಡ್ತಾ ಪೀ ಅಂದ. ನಾನು ಅತ್ತೆ. ಸಿಲಿಂಡರ್ ಮೇಲೆ ಬಂತು, ನಳಿಗೆ ಬದಲಿಸಿದೆ, ವಿಲ್ನೇರ್ ತಿರುಪು ತಿರುಗಿಸಿದ. ಅಜ್ಜನ ತುಟಿಗೆ ಬಣ್ಣ ಬಂತು.

ಬಣ್ಣ ಬಂದ ಕೂಡ್ಲೇ ಅವ್ರು ಹಮೀದನ ಕೈ ಹಿಡ್ಕೊಂಡು ಮಗುವಿನ ಹಾಗೆ ಅತ್ರು. “ಸ್ವರ ತಪ್ಪಿತು, ನನ್ನ ಕೈ ತನ್ನಷ್ಟಕ್ಕೆ ಹೋಯ್ತು ಹಮೀದಾ, ಊರಲ್ಲಿ ಹಾಗೇ ಕಲ್ತದ್ದು, ನಿನ್ನನ್ನು ಕೊಲ್ತಿದ್ದೆ.” ಹಮೀದ ಹೇಳ್ತಾನೆ, “ಬಿಡಿ ಅಂಕಲ್, ನನಗಿಂತ ಚೆಂದ ಊದಿದ್ರಂತೆ.” ತಮಾಷೆ ನೋಡಿ ಅವನದ್ದು, ಕಾಲಿನ ಚರ್ಮ ಸುಲ್ದು ಹೋಗಿದೆ.

ವಿಲ್ನೇರ್ ನಗ್ಲಿಲ್ಲ. ಫೋನಲ್ಲಿ ಸ್ವಲ್ಪ ಚಾರ್ಜ್ ಉಳಿಸಿಟ್ಟಿದ್ದ, ತೆಗ್ದು ಅವನ ಊರಿನವ್ರು ಊದಿದ್ದನ್ನು ಕೇಳಿಸಿದ. ಈಗ ಆ ಊರಲ್ಲಿ ಅರ್ಧ ಜನ ಇಲ್ಲ, ಬಂದೂಕಿನವ್ರು ರಸ್ತೆ ಕಟ್ಟಿದ್ದಾರೆ, ದಿಕ್ಕಿಗೊಬ್ಬರು ಓಡಿದ್ದಾರೆ. ಉಳಿದವ್ರು ಊದಿದ್ದು. ಕೇಳಿದ್ರೆ ನಡು ನಡುವೆ ಖಾಲಿ, ಹಲ್ಲು ಬಿದ್ದ ಬಾಯಿಯ ಹಾಗೆ. ಅಜ್ಜನಿಗೆ ತಡೀಲಿಲ್ಲ. “ಪಕ್ಕದವ ಊದ್ಬಹುದಲ್ಲ ಅದನ್ನು?” ಅಂದ್ರು, ಇಷ್ಟಾದ ಮೇಲೂ. ವಿಲ್ನೇರ್ ಹೇಳಿದ, “ಊದ್ಬಹುದು. ಈ ಖಾಲಿ ನನ್ನ ಚಿಕ್ಕಪ್ಪನ ಮಗನದ್ದು, ದಾರಿಯಲ್ಲಿ ಹಿಡ್ಕೊಂಡು ಹೋದ್ರು, ಇದ್ದಾನಾ ಇಲ್ವಾ ಗೊತ್ತಿಲ್ಲ. ಈ ಖಾಲಿ ನನ್ನದು. ತುಂಬಿಸಿಬಿಟ್ರೆ ನಮ್ಮನ್ನು ಯಾರು ಹುಡುಕ್ತಾರೆ?”

ಅಜ್ಜ ಅದನ್ನು ಇನ್ನೊಮ್ಮೆ ಕೇಳಿಸ್ಲಿಕ್ಕೆ ಹೇಳಿದ್ರು. ಅದಕ್ಕೇ ಹೇಳುದು ಮಕ್ಕಳೇ, ಊಟಕ್ಕೆ ಕರ್ದಾಗ ಒಬ್ಬ ಬರ್ಲಿಲ್ಲ ಅಂದ್ರೆ ಅವನ ಬಟ್ಟಲು ಎತ್ತಿಡುದಲ್ಲ, ಅವನ ಪಾಲಿನ ಮೀನು ನೀವು ತಿನ್ನುದೂ ಅಲ್ಲ. ಎದ್ದು ಹೋಗಿ ಎಲ್ಲಿದ್ದಾನೆ ನೋಡುದು.