ನೆಗಡಿಗೆ ಹಾಕಿದ ಮೂರು ಸೂಜಿ

ಸತ್ಕಾರ ಸಮಿತಿಯ ಅಧ್ಯಕ್ಷರಾದ ಪಾಂಡುರಂಗರಾಯರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕ ಗಣ್ಯರೇ, ಕುರ್ಚಿ ಸಿಗದೆ ಕೆಳಗೆ ಮುನಿಸಿಕೊಂಡು ಕುಳಿತ ಗಣ್ಯರೇ, ಸಭಿಕರೇ, ಹಿಂದೆ ಗೋಡೆಗೊರಗಿ ಕೆಮ್ಮುತ್ತಿರುವ ನನ್ನ ಹಳೆಯ ರೋಗಿಗಳೇ,

ಹದಿನೆಂಟು ವರ್ಷ ಈ ಊರಿನ ದವಾಖಾನೆಯಲ್ಲಿದ್ದು ಇಂದು ನಿವೃತ್ತನಾಗುತ್ತಿದ್ದೇನೆ. ನನಗಿಂತ ಮೊದಲು ಮಾತನಾಡಿದ ಏಳು ಮಂದಿ ನನ್ನನ್ನು ಧನ್ವಂತರಿ ಎಂದರು. ಎಂಟನೆಯವರು ಜಯರಾಮ ಡಾಕ್ಟರು ಎಂದರು. ನನ್ನ ಹೆಸರು ಜಯತೀರ್ಥ. ಇರಲಿ, ಧನ್ವಂತರಿಗಿಂತ ಅದೇ ಹತ್ತಿರದ ಹೆಸರು.

ಈ ಧನ್ವಂತರಿ ಮಾಡಿದ್ದಾದರೂ ಏನು? ನನ್ನ ಮುಂದೆ ಬಂದದ್ದು ನೆಗಡಿ, ಕೆಮ್ಮು, ಗಂಟಲುನೋವು, ಸೋರುವ ಕಿವಿ. ಗದಗಿನ ಕಡೆಯಿಂದ ಮುಂಬಯಿ ಸರಕಾರದ ನೆಗಡಿ ಬಂತು. ಲಕ್ಷ್ಮೇಶ್ವರದ ಕಡೆಯಿಂದ ಸಂಸ್ಥಾನದ ನೆಗಡಿ ಬಂತು. ಮುಂಡರಗಿಯ ಆಚೆಯಿಂದ ನಿಜಾಮರ ನೆಗಡಿ ಬಂತು. ನಲವತ್ತೇಳರಲ್ಲಿ ನೆಗಡಿಗೆ ಸ್ವಾತಂತ್ರ್ಯ ಸಿಕ್ಕಿತು. ಹೋದ ವರ್ಷ, ಐವತ್ತಾರರಲ್ಲಿ, ಎಲ್ಲ ನೆಗಡಿಗಳೂ ಏಕೀಕರಣಗೊಂಡವು. ನಾನು ಎಲ್ಲಕ್ಕೂ ಕೊಟ್ಟದ್ದು ಒಂದೇ ಕೆಂಪು ಔಷಧ. ನಮ್ಮ ಕಂಪೌಂಡರ್ ಬುಡ್ಡೇಸಾಬ ಬಣ್ಣ ಕಡಿಮೆ ಹಾಕಿದ ದಿನ ನೀವು ಬಾಟಲಿ ತಿರುಗಿ ತರುತ್ತಿದ್ದಿರಿ. “ಇದರಾಗ ಕಸುವಿಲ್ರಿ ಸಾಹೇಬ್ರ, ನಿನ್ನೆಯದು ಭಾಳ ಕೆಂಪಿತ್ತು.”

ನೆಗಡಿಗೆ ಔಷಧವಿಲ್ಲ, ಬೆಚ್ಚಗಿರಿ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ತಾನೇ ಹೋಗುತ್ತದೆ ಎಂದು ಮೊದಲ ವರ್ಷ ಹೇಳಿ ನೋಡಿದೆ. ಒಬ್ಬರು ಕೇಳಿದರು, “ಇದನ್ನ ನಮ್ಮ ಮನ್ಯಾಗಿನ ಮುದುಕೀನೂ ಹೇಳತಾಳ. ನಿಮಗ್ಯಾಕ ಸರಕಾರ ಪಗಾರ ಕೊಡತೈತಿ?” ಅಂದಿನಿಂದ ಬಾಯಿ ಮುಚ್ಚಿದೆ. ಕಿವಿಯ ವಿಷಯದಲ್ಲಿ ನೀವೇ ನನಗಿಂತ ದೊಡ್ಡ ಡಾಕ್ಟರರು. ಬೆಳ್ಳುಳ್ಳಿ ಕುದಿಸಿದ ಎಣ್ಣೆ, ಬಾಣಂತಿಯ ಹಾಲು, ಕೆದಕಲು ಕೋಳಿಯ ಪುಕ್ಕ! ಸುತ್ತ ನಾಲ್ಕೂ ದಿಕ್ಕಿಗೆ ಹತ್ತಿ ಬೆಳೆಯುವ ನಾಡು. ಚಿಟಿಕೆ ಅರಳೆಯಿಂದ ಕಿವಿ ಒರೆಸಿ ಒಣಗಿಸಿಡಿ ಎಂದರೆ ಯಾರಿಗೂ ರುಚಿಸಲಿಲ್ಲ.

ಆಮೇಲೆ ಪೆನ್ಸಿಲಿನ್ ಬಂತು. ನನ್ನ ಮಾನ ಉಳಿಯಿತು. ಕೆಂಪು ಔಷಧ ಬಡವರದಾಯಿತು, ಸೂಜಿ ದೊಡ್ಡವರದಾಯಿತು. ಸೀನು ಬಂದರೂ ಸೂಜಿ. ಹಾಕದಿದ್ದರೆ ಅಪಮಾನ. ನಾನೇಕೆ ಯಾರನ್ನು ಅಪಮಾನಿಸಲಿ? ಆದ್ದರಿಂದಲೇ ಈಗ ಓದಿದ ಮಾನಪತ್ರದಲ್ಲಿ, “ಎಂದೂ ಯಾರಿಗೂ ಸೂಜಿ ಇಲ್ಲವೆನ್ನದ ಉದಾರಿ” ಎಂದು ಬರೆಸಿದ್ದೀರಿ. ಚೌಕಟ್ಟು ಚೆನ್ನಾಗಿದೆ. ಆ ಸಾಲು ಮಾತ್ರ ಸುಳ್ಳು. ಒಬ್ಬಳಿಗೆ ಇಲ್ಲವೆಂದಿದ್ದೇನೆ.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಆ ಸಾಲು ಓದದೆ ಇದ್ದಿದ್ದರೆ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದೆ.

ಏಕೀಕರಣದ ಸಂಭ್ರಮ ನಿಮಗೆ ನೆನಪಿದೆ. ನವೆಂಬರ್ ಒಂದನೇ ತಾರೀಖಿನ ಮುಖ್ಯ ಭಾಷಣ ನಮ್ಮ ಅಧ್ಯಕ್ಷ ಪಾಂಡುರಂಗರಾಯರದು. ಮೂರು ದಿನ ಮೊದಲು ಅವರಿಗೆ ನೆಗಡಿಯಾಗಿ ಗಂಟಲು ಕಟ್ಟಿತು. “ಡಾಕ್ಟರ್, ಒಂದನೇ ತಾರೀಖಿಗೆ ನನ್ನ ಧ್ವನಿ ಏಳಬೇಕು ನೋಡ್ರಿ. ಇದು ನನ್ನ ಸಲುವಾಗಿ ಅಲ್ಲ, ಕನ್ನಡದ ಸಲುವಾಗಿ.” ಕಪಾಟಿನಲ್ಲಿ ಮೂರೇ ಸೂಜಿಗಾಗುವಷ್ಟು ಪೆನ್ಸಿಲಿನ್ ಉಳಿದಿತ್ತು. ಹೊಸದನ್ನು ಕೇಳಿ ಬರೆದರೆ, ಹಳೆಯ ಕಚೇರಿ ಹೊಸ ಕಚೇರಿಯತ್ತ ಬೆರಳು ತೋರಿಸಿತ್ತು. ಬುಡ್ಡೇಸಾಬ ನನ್ನ ಕಿವಿಯಲ್ಲಿ ಅಂದ, “ಸಾಹೇಬ್ರ, ನೆಗಡಿಗೆ ಯಾಕ್ರಿ? ಇರ್ಲಿ, ಖರೆ ಬ್ಯಾನಿ ಬಂದಾವರಿಗೆ ಬೇಕಾಕ್ಕಾವು.” ಹತ್ತನೆಯ ಇಯತ್ತೆಯನ್ನೂ ಕಾಣದ ಕಂಪೌಂಡರ್ ಅವನು, ಪದವಿ ಪಡೆದ ಡಾಕ್ಟರು ನಾನು. ಮೂರು ದಿನ, ಮೂರು ಸೂಜಿ ಹಾಕಿದೆ.

ರಾಯರು ಒಂದೂವರೆ ತಾಸು ಮಾತನಾಡಿದರು. ಮೂಗು ಸೋರುತ್ತಲೇ ಇತ್ತು. ಪತ್ರಿಕೆಯವರು ಅದನ್ನು ಆನಂದಬಾಷ್ಪ ಎಂದು ಬರೆದರು.

ಮರುದಿನ ಶುಕ್ರವಾರ. ಫಕ್ಕೀರವ್ವ ಆರು ವರ್ಷದ ಮಗಳನ್ನು ಹೊತ್ತುಕೊಂಡು ಬಂದಳು. ಹುಡುಗಿಯ ಬಲಗಿವಿ ಮೊದಲೇ ಸೋರಿ ಸೋರಿ ಕೆಟ್ಟಿತ್ತು. ಈಗ ಎಡಗಿವಿಯಲ್ಲಿ ಕೀವು, ಮೈ ಸುಡುವ ಜ್ವರ, ಕಿವಿಯ ಹಿಂದೆ ಕೆಂಪಗೆ ಬಾವು. ಇಂಥದ್ದಕ್ಕೇ ಇರುವುದು ಪೆನ್ಸಿಲಿನ್. ನಾನು ಆ ಕ್ಷಣವೇ ಗದಗಿಗೆ ಕಳಿಸಬೇಕಿತ್ತು. ಕಳಿಸಿದರೆ ಇಲ್ಲೇಕೆ ಸೂಜಿ ಇಲ್ಲ ಎಂದು ಗದಗಿನವರು ಕೇಳುತ್ತಿದ್ದರು, ಉತ್ತರ ಹೇಳಬೇಕಾಗುತ್ತಿತ್ತು. ಅದಕ್ಕೆ ಕೆಂಪು ಔಷಧ ಕೊಟ್ಟು ಹೇಳಿದೆ, “ಸರಕಾರ ಬದಲಾಗೇತಿ ಫಕ್ಕೀರವ್ವ, ಸೂಜಿ ಬಂದಿಲ್ಲ. ಎರಡು ದಿನ ತಡಿ.”

ಅವಳು ಐದು ದಿನ ತಡೆದಳು. ಡಾಕ್ಟರು ಹೇಳಿದ ಮೇಲೆ ತಡೆಯಬೇಡವೇ? ಬುಧವಾರ ಹುಡುಗಿಗೆ ಸೆಳವು ಬಂದಾಗ ಬುಡ್ಡೇಸಾಬ ನನ್ನನ್ನು ಕೇಳದೆಯೇ ಚಕ್ಕಡಿ ಹೂಡಿಸಿ ಗದಗಿಗೆ ಕರೆದೊಯ್ದ. ಅಲ್ಲಿನ ಡಾಕ್ಟರರು ಕೊಯ್ದು ಜೀವ ಉಳಿಸಿದರು. ಕಿವಿ ಉಳಿಯಲಿಲ್ಲ. ಮೂರು ಸೂಜಿಯಿಂದ ಉಳಿಯುತ್ತಿತ್ತೇ? ನನಗೆ ಗೊತ್ತಿಲ್ಲ, ಸಭಿಕರೇ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೆರಡು ನಿಮಿಷ, ರಾಯರೇ. ನಿಮ್ಮ ತಪ್ಪೇನೂ ಇಲ್ಲ. ನೀವು ಕೇಳಿದಿರಿ, ಬೇಡವೆನ್ನಲು ಪಗಾರ ಪಡೆಯುತ್ತಿದ್ದವನು ನಾನು.

ಆ ತಾಯಿ ಈ ಎಂಟು ತಿಂಗಳು ಪ್ರತಿ ಶುಕ್ರವಾರ ಬಂದಿದ್ದಾಳೆ. “ಹೊಸಾ ಸರಕಾರದ ಸೂಜಿ ಬಂದಾವೇನ್ರಿ? ಹಾಕಿದ್ರ ನನ್ನ ಮಗಳಿಗೆ ಕೇಳಸ್ತೈತಿ ಅಲ್ರಿ?” ಸೂಜಿ ಬಂದು ಆರು ತಿಂಗಳಾಯಿತು. ನಾನು ಮಾತ್ರ ಪ್ರತಿ ವಾರ, “ಮುಂದಿನ ವಾರ ನೋಡೋಣ” ಎಂದಿದ್ದೇನೆ. ಇವತ್ತೂ ಬಂದಿದ್ದಾಳೆ. ಬಾಗಿಲ ಹತ್ತಿರ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ನೀವು ಚಪ್ಪಾಳೆ ತಟ್ಟಿದಾಗಲೆಲ್ಲ ಆ ಹುಡುಗಿ ನಿಮ್ಮ ಕೈ ನೋಡಿ ತಾನೂ ತಟ್ಟಿದ್ದಾಳೆ.

ಫಕ್ಕೀರವ್ವ, ಇಲ್ಲಿ ನೋಡವ್ವ. ಸರಕಾರದ್ದೇನೂ ತಪ್ಪಿಲ್ಲ. ಸೂಜಿ ಇದ್ವು. ನೀ ಬರೂದ್ರಾಗ ನಾನ ಅವನ್ನ ಒಂದು ನೆಗಡಿಗೆ ಹಾಕಿ ಮುಗಿಸಿದ್ದೆ. ಇನ್ನ ಯಾವ ಸೂಜಿಯಿಂದನೂ ನಿನ್ನ ಮಗಳಿಗೆ ಕೇಳಸಂಗಿಲ್ಲ. ಹೊಸಾ ಡಾಕ್ಟರ ಮುಂದ ಶುಕ್ರವಾರ ಬಂದು ಕುಂಡರಬ್ಯಾಡ.

ಇಷ್ಟು ಮಾತನ್ನು ಎಂಟು ತಿಂಗಳಿಂದ ನುಂಗಿಕೊಂಡಿದ್ದವನಿಗೆ ಹತ್ತು ನಿಮಿಷ ಕೊಟ್ಟಿರಿ. ಸಮಿತಿಗೆ ಕೃತಜ್ಞ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ, ಆ ಕೂಸೂ ತಟ್ಟುತ್ತದೆ. ನಮಸ್ಕಾರ.