ಲಾರಿ ಗೇಟು ದಾಟುವವರೆಗೆ

"ಹಲೋ... ಯಾರು ಮಾತಾಡ್ತಿರೋದು?... ಓ, ಕೆರೆ ನೀರು ಪರೀಕ್ಷೆ ಮಾಡೋ ಸಾಹೇಬ್ರಾ! ಎಲ್ಲಿದೀರಿ ಸರ್?... ದೋಣೀಲಾ? ಅದಕ್ಕೇ ಗಾಳಿ ಸದ್ದು."

ಕೆರೆ ದಂಡೆಯ ಪ್ರವಾಸಿ ಕಾಟೇಜುಗಳ ಒಡತಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕಿಟಕಿಯ ಪರದೆ ಸರಿಸಿದಳು. ಬೇಲಿಯಾಚೆ ಮೈದುನನ ಕೊಟ್ಟಿಗೆ, ಅದರ ಮುಂದೆ ಲಾರಿ. ಕೆರೆ ಕೆಡುತ್ತಿರುವುದು ಅವನ ದನಗಳ ಸಗಣಿಯಿಂದ ಎಂದು ಇವಳು ಅರ್ಜಿ ಕೊಟ್ಟಿದ್ದಳು. ಇವತ್ತಿನೊಳಗೆ ದನ ತೆರವು ಮಾಡಬೇಕೆಂದು ಆದೇಶವಾಗಿತ್ತು, ಅವನು ಎಲ್ಲವನ್ನೂ ಒಬ್ಬ ವ್ಯಾಪಾರಿಗೆ ಮಾರಿದ್ದ.

"ಹಾಂ, ಹತ್ತಿಸ್ತಿದಾರೆ. ಹದಿನೇಳರಲ್ಲಿ ಹದಿನಾಲ್ಕು ಹತ್ತಾಯ್ತು. ಉಳಿದ ಮೂರು ಹಠ ಮಾಡ್ತಿವೆ, ಯಜಮಾನನ ಥರಾನೇ... ಏನು?... ಬಣ್ಣ?... ಹಾಂ ಹಾಂ, ಬೆಳಿಗ್ಗೆ ನಮ್ಮ ಕಕ್ಕಸಿಗೆ ಹಸಿರು ಬಣ್ಣ ಸುರಿದು ಹೋದ್ರಲ್ಲ, ಟ್ಯಾಂಕು ಸೋರ್ತಿದ್ರೆ ಕೆರೇಲಿ ಕಾಣುತ್ತೆ ಅಂತ. ನಾನೇ ಅಲ್ವಾ ಹೇಳಿದ್ದು, ನಮ್ಮದನ್ನೂ ನೋಡಿಬಿಡಿ, ಯಾರೂ ಬೆರಳು ತೋರಿಸಬಾರದು ಅಂತ."

"... ಎಲ್ಲಿ ಬಂತು?"

"ನಮ್ಮ ದಡಕ್ಕಾ?... ನಾಲ್ಕನೇ ಕಾಟೇಜಿನ ಕೆಳಗೆ?... ಸೋಪಿನ ನೀರಿರಬೇಕು ಸರ್... ಸೋಪು ಅಷ್ಟು ಹಸಿರಿರಲ್ಲ, ಅಲ್ವಾ. ಹಾಂ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಪಕ್ಕದಲ್ಲೇ ಕುರ್ಚಿ ಇತ್ತು, ಕೂತಳು. ಕೂತ ಮೇಲೆ ಬುದ್ಧಿ ಚುರುಕಾಯಿತು. ಅಂಥ ಬುದ್ಧಿಗೆ ಆ ಹೆಂಗಸಿನಲ್ಲಿ ಎಂದೂ ಬರವಿರಲಿಲ್ಲ.

"ಅವನ ಕಡೆಯ ನೀರು?... ಶುದ್ಧವಾಗಿದೆಯಾ? ಸಗಣಿ ಒಂದು ಚೂರೂ ಇಲ್ವಾ?... ಅಯ್ಯೋ ಪಾಪ."

"ಲಾರಿ ನಿಲ್ಲಿಸ್ಬೇಕಾ? ಹೌದು ಹೌದು, ನಿಲ್ಲಿಸ್ಲೇಬೇಕು. ಗೇಟು ದಾಟಿದ್ರೆ ಅವು ಕೊಂಡವನ ದನ, ಏನೇ ಆದ್ರೂ ವಾಪಸ್ ಕೊಡಲ್ಲ ಅಂತ ಮಾತಾಗಿದೆ... ನಾನು ಹೋಗ್ಲಾ? ಮಂಡಿ ನೋವು ಸರ್, ಏಳೋಕೇ ಆಗಲ್ಲ. ಕೂಗೋಣ ಅಂದ್ರೆ ಗಂಟಲು ಕಟ್ಟಿದೆ... ಅವನ ನಂಬರು ನಿಮ್ಮ ಹತ್ರ ಇಲ್ವಾ?... ಫೈಲು ಆಫೀಸಲ್ಲಿ ಬಿಟ್ಟು ಬಂದ್ರಾ! ಇರಿ, ಕೊಡ್ತೀನಿ. ಪೆನ್ನು ಇದೆಯಾ?... ಹುಡುಕಿ ಹುಡುಕಿ, ನಿಧಾನವಾಗಿ ಹುಡುಕಿ, ದೋಣಿ ಅಲ್ಲಾಡೀತು."

"ಬರ್ಕೊಳ್ಳಿ. ಒಂಬತ್ತು, ನಾಲ್ಕು... ಅಲ್ಲ ಅಲ್ಲ, ಅದು ಅವನ ಹಳೇ ನಂಬರು... ಹಲೋ?... ಹಲೋ? ಕೇಳಿಸ್ತಿಲ್ಲ ಸರ್, ಕಟ್ ಕಟ್ ಆಗ್ತಿದೆ."

ಸಾಹೇಬರ ಒಂದೊಂದು ಮಾತೂ ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆಚೆ ಕೊನೆಯ ಹಸು ಹಲಗೆಯ ಮೇಲೆ ಕಾಲೂರಿ ಮಿಸುಕದೆ ನಿಂತಿತ್ತು. ಮೈದುನ ಅದರ ಕಿವಿಯಲ್ಲಿ ಏನೋ ಹೇಳಿದ. ಅದು ತೆಪ್ಪಗೆ ಹತ್ತಿತು.

"ಹಾಂ, ಈಗ ಕೇಳಿಸ್ತು. ಯಾಕೆ ಸರ್ ರೇಗ್ತೀರಿ? ನನಗೇನು ಸಂಕಟ ಆಗ್ತಿಲ್ವಾ? ನಾನು ಮದುವೆಯಾಗಿ ಬಂದಾಗ ಅವನಿಗೆ ಏಳು ವರ್ಷ. ಅತ್ತಿಗೆ ಅತ್ತಿಗೆ ಅಂತ ನನ್ನ ಬೆನ್ನೇ ಬಿಡ್ತಿರಲಿಲ್ಲ. ಜ್ವರ ಬಂದ್ರೂ ನನ್ನ ಕೈಯಿಂದಾನೇ ಔಷಧಿ ಕುಡಿಯೋನು... ನಂಬರಾ? ಹೇಳ್ತೀನಿ ಇರಿ, ಈ ಕನ್ನಡಕ ಎಲ್ಲಿಟ್ಟೆ..."

ಕನ್ನಡಕ ಮೂಗಿನ ಮೇಲೇ ಇತ್ತು. ಲಾರಿ ಹೊಗೆ ಕಾರಿ ಹೊರಟಿತು, ಗೇಟಿನಲ್ಲಿ ಒಮ್ಮೆ ನಿಂತಿತು, ದಾಟಿತು.

"ಸಿಕ್ತು ಸರ್! ಬರ್ಕೊಳ್ಳಿ."

ಹತ್ತೂ ಅಂಕಿಗಳನ್ನು ಅವಳು ಒಂದೂ ತಪ್ಪಿಲ್ಲದೆ ಗಡಗಡ ಒಪ್ಪಿಸಿದಳು.

"ಬರ್ಕೊಂಡ್ರಾ?... ನಮ್ಮ ಸೋರಿಕೇನೂ ಬರ್ಕೊಳ್ಳಿ ಬಿಡಿ, ನಾಳೇನೇ ಟ್ಯಾಂಕು ರಿಪೇರಿ ಮಾಡಿಸ್ತೀನಿ, ಎರಡು ದಿನದ ಕೆಲಸ... ಅವನಿಗಾ? ಈಗಲೇ ಮಾಡಿ ಸರ್, ಕೂಡಲೇ ಎತ್ಕೋತಾನೆ. ಖಾಲಿ ಕೊಟ್ಟಿಗೆ ಬಾಗಿಲಲ್ಲಿ ಸುಮ್ಮನೆ ನಿಂತಿದಾನೆ, ಇನ್ನೇನು ಕೆಲಸ ಅವನಿಗೆ?... ಹಲೋ?... ಸರ್?... ಹಲೋ?..."